ಒದ್ದೆಯ ಹೊಳಪು

ಅವರನ್ನು ಎಲ್ಲರೂ ಗೊಂಬೆಯವರು ಎಂದೇ ಕರೆಯುತ್ತಿದ್ದರು. ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ಹೊಸ ಉಡುಪು ತೊಟ್ಟು ನಿಲ್ಲುವ ಆಳೆತ್ತರದ ಗೊಂಬೆಗಳನ್ನು ಇಪ್ಪತ್ತಾರು ವರ್ಷ ಮಾಡಿದವರು. ಮೈ, ಕೈ, ಕಾಲುಗಳನ್ನು ಯಾರು ಬೇಕಾದರೂ ಎರಕ ಹೊಯ್ಯುತ್ತಿದ್ದರು, ಮುಖ ಮಾತ್ರ ಇವರ ಪಾಲಿಗೆ. ತುಟಿಯ ಅಂಚು, ರೆಪ್ಪೆಯ ಮಡಿಕೆ, ಕಿವಿಯ ಹಿಂದಿನ ತಗ್ಗು ಎಲ್ಲವನ್ನೂ ಜೇಡಿಮಣ್ಣಿನಲ್ಲಿ ತಿದ್ದಿ, ಅಚ್ಚು ತೆಗೆದು, ಬಣ್ಣ ಹಚ್ಚಿ, ಕೊನೆಗೆ ಬಣ್ಣದ ಹೊಳಪನ್ನು ಮರಳುಕಾಗದದಿಂದ ಮೆಲ್ಲಗೆ ಮುರಿಯುವ ಹೊತ್ತಿಗೆ ಒಂದು ಮುಖಕ್ಕೆ ಹನ್ನೊಂದು ದಿನ ಹಿಡಿಯುತ್ತಿತ್ತು. ಆಮೇಲೆ ಅಂಗಡಿಯವರು ತಲೆಯೇ ಇಲ್ಲದ ಗೊಂಬೆ ಸಾಕು ಎನ್ನತೊಡಗಿದರು. ಕಾರ್ಖಾನೆ ಬಾಗಿಲು ಹಾಕಿದ ದಿನ ಗೊಂಬೆಯವರು ಮನೆಗೆ ಬಂದು, ತಲೆ ಇಲ್ಲದವರ ಕಾಲ ಬಂತು ನೋಡೇ, ನನಗಿನ್ನು ಕೆಲಸವಿಲ್ಲ ಎಂದರು. ಹಾಗಾದರೆ ನಿಮಗೆ ತಲೆ ಇರೋದೇ ತಪ್ಪಾಯ್ತು ಅನ್ನಿ ಎಂದು ಹೆಂಡತಿ ಚಹಾಕ್ಕೆ ನೀರಿಟ್ಟಳು.

ಆಕೆ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸ ಮಾಡುತ್ತಿದ್ದಳು. ಹೊರಗಿನವರ ಮುಂದೆ ತುಟಿ ಪಿಟಕ್ಕೆನ್ನುವವಳಲ್ಲ. ಮದುವೆಯ ಹೊಸದರಲ್ಲಿ ಗೊಂಬೆಯವರ ಅತ್ತಿಗೆ, ನಮ್ಮ ಮೈದುನ ಮನೆಗೂ ಒಂದು ಗೊಂಬೆಯನ್ನೇ ತಂದಿದ್ದಾನೆ, ಬಾಯಲ್ಲಿ ನಾಲಿಗೆ ಇದೆಯೋ ಇಲ್ಲವೋ ಎಂದು ಆಡಿಕೊಂಡಿದ್ದರು. ಗಂಡನ ಹತ್ತಿರ ಮಾತ್ರ ಆಕೆಯ ಮಾತಿಗೆ ಮೊನೆಯಿತ್ತು. ಒಬ್ಬಳೇ ಮಗಳು. ಶಾಲೆಯೊಂದರಲ್ಲಿ ಆಟದ ಟೀಚರು, ಎಷ್ಟೋ ಸಲ ಸೀಟಿಯನ್ನು ಕೊರಳಿನಿಂದ ತೆಗೆಯದೆಯೇ ತವರಿಗೆ ಬಂದುಬಿಡುವವಳು. ಮದುವೆಯಾಗಿ ನಾಲ್ಕು ಬಸ್ ಸ್ಟಾಪಿನಾಚೆ ಇದ್ದಳು. ಅಮ್ಮನಲ್ಲಿ ಇಲ್ಲದ ಗಂಟಲೆಲ್ಲ ಅವಳಿಗೆ ಬಂದಿತ್ತು.

ಐವತ್ತೊಂದನೆಯ ವಯಸ್ಸಿನಲ್ಲಿ ಗೊಂಬೆಯವರಿಗೆ ಹೊಸ ಕೆಲಸ ಸಿಕ್ಕಿತು. ದೊಡ್ಡ ಆಸ್ಪತ್ರೆಯೊಂದರ ಹಿಂಬದಿಯಲ್ಲಿ ಸಂಶೋಧನೆಗೆಂದು ಕಟ್ಟಿದ ಮೂರಂತಸ್ತಿನ ಕಟ್ಟಡದಲ್ಲಿ ಆಪರೇಷನ್ ಮಾಡುವ ರೋಬೋಟಿನ ಕಣ್ಣು ತಿದ್ದುವ ಕೆಲಸ ನಡೆಯುತ್ತಿತ್ತು. ಆ ರೋಬೋಟು ತಾನಾಗಿ ಏನನ್ನೂ ಮಾಡುವುದಿಲ್ಲ. ಸರ್ಜನ್ ನಾಲ್ಕು ಹೆಜ್ಜೆ ಆಚೆ ಕುರ್ಚಿಯಲ್ಲಿ ಕೂತು, ಒಂದು ಪೆಟ್ಟಿಗೆಯೊಳಗೆ ಕಣ್ಣಿಟ್ಟು ಎರಡು ಹಿಡಿಗಳನ್ನು ಆಡಿಸಿದರೆ, ಅದರ ಸಪೂರ ತೋಳುಗಳು ರೋಗಿಯ ಹೊಟ್ಟೆಯೊಳಗೆ ಅಷ್ಟೇ ಆಡುತ್ತವೆ. ಬೆರಳು ಹೋಗುವಷ್ಟು ದೊಡ್ಡ ನಾಲ್ಕೈದು ತೂತು ಸಾಕು, ಹೊಟ್ಟೆ ಸೀಳಬೇಕಿಲ್ಲ. ಆದರೆ ಕೈಯಿಂದ ಮುಟ್ಟಿ ನೋಡುವಂತಿಲ್ಲವಲ್ಲ. ಕತ್ತರಿಯ ತುದಿಗೂ ಮಾಂಸಕ್ಕೂ ಎಷ್ಟು ಅಂತರ ಉಳಿದಿದೆ ಎಂಬುದನ್ನು ಕಣ್ಣಿನಿಂದಲೇ ತಿಳಿಯಬೇಕು. ಆ ಅಂತರವನ್ನು ಯಂತ್ರವೇ ಅಳೆದು, ಇಷ್ಟು ಮಿಲಿಮೀಟರ್ ಎಂದು ಪರದೆಯ ಮೇಲೆ ತೋರಿಸಬೇಕೆಂಬುದು ಅಲ್ಲಿನವರ ಪ್ರಯತ್ನ. ಅದಕ್ಕೆ ದಿನಾ ಲಿವರು, ಪಿತ್ತಕೋಶ, ಕರುಳು ಬೇಕಾಗುತ್ತಿತ್ತು. ಅವನ್ನು ಸಿಲಿಕೋನಿನಲ್ಲಿ ಎರಕ ಹೊಯ್ದು ಕೊಡುವುದು ಗೊಂಬೆಯವರ ಕೆಲಸ.

ಕ್ಯಾಮೆರಾದ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಿದ್ದ ಇಂಜಿನಿಯರನ್ನು ಕಟ್ಟಡದವರು ಕ್ಯಾಮೆರಾ ಮೇಡಂ ಎನ್ನುತ್ತಿದ್ದರು. ನಲವತ್ತು ದಾಟಿದ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ ಹೆಂಗಸು. ಮೊದಲ ದಿನವೇ ಅವರು ಗೊಂಬೆಯವರನ್ನು ಕೂರಿಸಿಕೊಂಡು ಹೇಳಿಕೊಟ್ಟರು: ಮುಖದ ಮುಂದೆ ಒಂದು ಬೆರಳು ಹಿಡಿಯಿರಿ, ಎಡಗಣ್ಣು ಮುಚ್ಚಿ, ಈಗ ಬಲಗಣ್ಣು ಮುಚ್ಚಿ, ಬೆರಳು ಅತ್ತಿಂದಿತ್ತ ಹಾರಿತಲ್ಲ? ಹತ್ತಿರವಿದ್ದರೆ ಹೆಚ್ಚು ಹಾರುತ್ತೆ, ದೂರವಿದ್ದರೆ ಕಡಿಮೆ. ಯಂತ್ರಕ್ಕೂ ಅಕ್ಕಪಕ್ಕ ಎರಡು ಕಣ್ಣಿವೆ. ಒಂದು ಗುರುತು ಎಡಗಣ್ಣಿಗೂ ಬಲಗಣ್ಣಿಗೂ ಎಷ್ಟು ಸರಿದು ಕಂಡಿತು ಎಂದು ಅಳೆದು ದೂರ ಹೇಳುತ್ತದೆ. ಅಂದು ಸಂಜೆ ಗೊಂಬೆಯವರು ಇದನ್ನೇ ಹೆಂಡತಿಗೆ ಕಲಿಸಹೋದರು. ಇಬ್ಬರೂ ಎದುರುಬದುರು ಕೂತು ಬೆರಳು ಹಿಡಿದುಕೊಂಡು ಒಂದೊಂದೇ ಕಣ್ಣು ಮಿಟುಕಿಸುತ್ತಿದ್ದಾಗ ಮಗಳು ಒಳಗೆ ಬಂದಳು. ವಯಸ್ಸಾದ ಕಾಲಕ್ಕೆ ಇದೇನು ನಿಮ್ಮಿಬ್ಬರದು ಎಂದು ಅವಳು ಕೇಳಿದ್ದಕ್ಕೆ, ನಿಮ್ಮಪ್ಪನಿಗೆ ಇದಕ್ಕೇ ಸಂಬಳವಂತೆ ಎಂದಳು ಅಮ್ಮ.

ಮೂರು ತಿಂಗಳಲ್ಲಿ ಗೊಂಬೆಯವರ ಮೊದಲ ಲಿವರು ತಯಾರಾಯಿತು. ಆಸ್ಪತ್ರೆಯಲ್ಲಿ ನಿಜವಾದದ್ದನ್ನು ಹತ್ತು ಸಲ ನೋಡಿ ಬಂದು ಮಾಡಿದ್ದು. ಇಟ್ಟಿಗೆಗೆಂಪು ಬಣ್ಣ, ಕೈಗೆ ತಣ್ಣಗೆ ಜಾರುವ ಮೈ. ಅದನ್ನು ಯಂತ್ರದ ಮುಂದಿಟ್ಟಾಗ ಪರದೆಯ ಮೇಲೆ ಮೂಡಿದ, ದೂರ ಹತ್ತಿರವನ್ನು ಬಣ್ಣಗಳಲ್ಲಿ ತೋರಿಸುವ ಆಳದ ಚಿತ್ರ ತೂತು ತೂತಾಗಿತ್ತು. ತಪ್ಪು ಹೊಳಪಿನದು ಎಂದು ಕ್ಯಾಮೆರಾ ಮೇಡಂಗೆ ಕೂಡಲೇ ಗೊತ್ತಾಯಿತು. ನುಣುಪಾದ ಮೈ ಮೇಲೆ ದೀಪ ಬಿದ್ದು ಮಿನುಗುವ ಚುಕ್ಕೆ ಮಾಂಸದ ಮೇಲಿನ ಗುರುತಲ್ಲ, ದೀಪದ ಬಿಂಬ. ಎಡಗಣ್ಣಿಗೆ ಅದು ಒಂದು ಕಡೆ, ಬಲಗಣ್ಣಿಗೆ ಇನ್ನೊಂದು ಕಡೆ ಕಾಣುತ್ತದೆ. ಯಂತ್ರ ಅದನ್ನೇ ಗುರುತೆಂದು ನಂಬಿ ಅಳೆದರೆ ಇಲ್ಲದ ಗುಂಡಿಯನ್ನು ಇದೆ ಎನ್ನುತ್ತದೆ. ಅದನ್ನು ಸರಿಪಡಿಸಲು ಸಮಯ ಬೇಕು. ಆದರೆ ಹದಿನೈದು ದಿನದಲ್ಲಿ ಹಿರಿಯರ ಸಮಿತಿಯೊಂದು ಯಂತ್ರವನ್ನು ನೋಡಲು ಬರುವುದಿತ್ತು. ಮೇಡಂ ಗೊಂಬೆಯವರನ್ನು ಕರೆದು, ಈ ಹೊಳಪನ್ನು ತೆಗೆಯೋಕಾಗುತ್ತಾ ಎಂದು ಕೇಳಿದರು. ಹೊಳಪು ಮುರಿಯುವುದೆಂದರೆ ಗೊಂಬೆಯವರಿಗೆ ಎಡಗೈ ಕೆಲಸ. ಆದರೂ ಒಂದು ಮಾತು ಕೇಳಿದರು.

"ಮೇಡಂ, ಹೊಟ್ಟೆಯೊಳಗೆ ನಿಜವಾದದ್ದು ಹೀಗೆ ಪೌಡರ್ ಹಚ್ಕೊಂಡು ಕೂತಿರುತ್ತಾ?"

"ಇರಲ್ಲ. ಮೊದಲು ಸುಲಭದ್ದು ಬರಲಿ ಗೊಂಬೆಯವರೇ, ಕಷ್ಟದ್ದು ಆಮೇಲೆ ನೋಡೋಣ."

ಗೊಂಬೆಯವರು ಮತ್ತೆ ಮಾತಾಡಲಿಲ್ಲ. ಓದಿದವರು ಹೇಳುತ್ತಾರೆಂದರೆ ಅದಕ್ಕೊಂದು ಅರ್ಥ ಇರುತ್ತದೆ ಎಂದುಕೊಂಡರು. ಲಿವರಿನ ಮೈಗೆ ನುಣ್ಣನೆಯ ಪುಡಿ ಸವರಿ, ಮೃದುವಾದ ಕುಂಚದಿಂದ ತಟ್ಟಿ, ಒಣ ಮಣ್ಣಿನಂಥ ಮಂಕು ಬರುವಂತೆ ಮಾಡಿಕೊಟ್ಟರು. ಯಂತ್ರ ಅರ್ಧ ಮಿಲಿಮೀಟರೂ ತಪ್ಪದೆ ಅಳೆಯಿತು. ಸಮಿತಿಯವರು ತಲೆದೂಗಿದರು, ಅವರಲ್ಲೊಬ್ಬರು ಗೊಂಬೆಯವರ ಕೈ ಕುಲುಕಿ ನಿಮ್ಮ ಕೈಚಳಕ ದೊಡ್ಡದು ಎಂದರು. ಮುಂದಿನ ಒಂದು ವರ್ಷ ಪುಡಿ ಹಚ್ಚಿದ ಲಿವರುಗಳೇ ಹೋದವು. ಆಮೇಲೆ ನೋಡೋಣ ಎಂದಿದ್ದ ಕಷ್ಟದ ಕೆಲಸದ ಮೇಲೆ ಬೇರೆ ಬೇರೆ ಕೆಲಸಗಳು ಬಂದು ಕೂತವು. ಅದನ್ನು ಅವರೂ ನೆನಪಿಸಲಿಲ್ಲ, ಇವರೂ ಕೇಳಲಿಲ್ಲ.

ಆ ವರ್ಷದ ಕೊನೆಗೆ ಹೆಂಡತಿಗೆ ಬಲಪಕ್ಕೆಯಲ್ಲಿ ನೋವು ಶುರುವಾಯಿತು. ಬಗ್ಗಿ ಪುಸ್ತಕ ಹೊಲಿಯುವವಳಿಗೆ ಪಕ್ಕೆ ನೋವು ಸಹಜವೆಂದು ಎರಡು ತಿಂಗಳು ತಳ್ಳಿದಳು. ರವಿಕೆ ಸಡಿಲವಾಗುತ್ತ ಬಂದದ್ದನ್ನು ಮಗಳು ಗಮನಿಸಿ, ಕೈ ಹಿಡಿದು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದಳು. ಲಿವರಿನಲ್ಲಿ ಗಡ್ಡೆ. ತೆಗೆಯಬೇಕು, ತಡ ಮಾಡುವಂತಿಲ್ಲ ಎಂದರು.

ಎಲ್ಲಿ ತೆಗೆಸುವುದು ಎನ್ನುವುದರ ಮೇಲೆ ಅಪ್ಪ ಮಗಳಿಗೆ ಜಟಾಪಟಿಯಾಯಿತು. ಕೈಯಿಂದಲೇ ಆಪರೇಷನ್ ಮಾಡುವ ಹಳೆಯ ಆಸ್ಪತ್ರೆಗೇ ಹೋಗೋಣ ಎಂದು ಮಗಳು. ಗೊಂಬೆಯವರು ಒಪ್ಪಲಿಲ್ಲ. ಹೊಟ್ಟೆ ಸೀಳುವುದು ಬೇಡ, ತೂತಿನಲ್ಲೇ ಆಗುತ್ತದೆ, ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ ಎಂದು ವಾದಿಸಿದರು. ಅಂತರ ಅಳೆಯುವ ಹೊಸ ವ್ಯವಸ್ಥೆಯನ್ನು ಆಗಷ್ಟೇ ರೋಗಿಗಳ ಒಪ್ಪಿಗೆ ಪಡೆದು ಆಪರೇಷನ್ನಿನಲ್ಲಿ ಜೊತೆಗಿಡಲು ಶುರು ಮಾಡಿದ್ದರು. ಆ ಹೆಮ್ಮೆ ಅವರ ಮಾತಿನಲ್ಲಿತ್ತು.

"ಅದು ನಮ್ಮ ಮೆಷಿನ್ನು ಕಣೇ. ನನ್ನ ಕೈಯಲ್ಲೇ ಪಳಗಿದ್ದು," ಎಂದರು.

ಹೆಂಡತಿ ಇಬ್ಬರ ಮುಖವನ್ನೂ ನೋಡಿ, ನಿಮ್ಮಪ್ಪ ಹೇಳಿದ ಕಡೆಯೇ ಆಗಲಿ ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಆಪರೇಷನ್ನಿನ ಮುಂಚಿನ ದಿನ ಸರ್ಜನ್ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಆಕೆಯ ಲಿವರಿನ ಬಲಬದಿ ಎಲ್ಲರಂತೆ ಇರಲಿಲ್ಲ. ಕೆಳಕ್ಕೆ ಒಂದು ಭಾಗ ನಾಲಿಗೆಯ ಹಾಗೆ ಇಳಿಬಿದ್ದಿತ್ತು. ಹುಟ್ಟಿನಿಂದ ಕೆಲವರಿಗೆ ಹೀಗಿರುತ್ತದೆ, ಅದರಿಂದ ತೊಂದರೆಯಿಲ್ಲ, ಗಡ್ಡೆ ಮಾತ್ರ ಅದರ ಬುಡದಲ್ಲಿದೆ ಎಂದರು. ಹೆಂಡತಿ ಚಿತ್ರವನ್ನೇ ನೋಡುತ್ತ ಕೂತವಳು ಗಂಡನ ಕಡೆ ತಿರುಗಿದಳು.

"ನೋಡ್ರೀ, ನಿಮ್ಮ ಅತ್ತಿಗೆಗೆ ಹೇಳಿಬಿಡಿ. ನನಗೂ ನಾಲಿಗೆ ಇದೆಯಂತೆ, ಒಳಗಡೆ."

ಸರ್ಜನ್ನರಿಗೆ ಅದೇನೆಂದು ತಿಳಿಯದಿದ್ದರೂ ನಕ್ಕರು. ಆಮೇಲೆ ಒಂದು ಕಾಗದ ಕೊಟ್ಟರು. ಆಪರೇಷನ್ನಿನ ವಿಡಿಯೋವನ್ನು ಹೆಸರಿಲ್ಲದೆ ಕಲಿಕೆಗೆ ಬಳಸಿಕೊಳ್ಳಬಹುದೇ ಎಂದು ಅದರಲ್ಲಿತ್ತು. ಆಕೆ ನಿಧಾನಕ್ಕೆ ಪೂರ್ತಿ ಓದಿ, ಒಳಗಿನದನ್ನು ನೋಡಿದರೆ ಯಾರಿಗೆ ಏನು ನಷ್ಟ ಎಂದು ಸಹಿ ಹಾಕಿದಳು.

ಆಪರೇಷನ್ ಅಂದುಕೊಂಡಂತೆ ಆಗಲಿಲ್ಲ. ಎರಡನೆಯ ಗಂಟೆಯಲ್ಲಿ ಯಂತ್ರದ ಲೆಕ್ಕ ಒಂದು ಕಡೆ ತಪ್ಪಿತು. ಇನ್ನೂ ಹನ್ನೊಂದು ಮಿಲಿಮೀಟರ್ ಇದೆ ಎಂದು ತೋರಿಸುತ್ತಿದ್ದ ಜಾಗದಲ್ಲಿ ತೋಳಿನ ತುದಿ ಆಗಲೇ ಮಾಂಸಕ್ಕೆ ತಗುಲಿ, ತರಚಿ, ರಕ್ತ ಬಂತು. ಸರ್ಜನ್ ತಕ್ಷಣ ಯಂತ್ರವನ್ನು ಬದಿಗಿಟ್ಟು, ಹೊಟ್ಟೆ ತೆರೆದು, ಕೈಯಿಂದಲೇ ಕೆಲಸ ಮುಗಿಸಿದರು. ಹೊರಗೆ ಬಂದು ಏನನ್ನೂ ಮುಚ್ಚಿಡದೆ ಹೇಳಿದರು. ಗಡ್ಡೆ ಪೂರ್ತಿ ಬಂದಿದೆ, ಆದರೆ ಗಾಯ ದೊಡ್ಡದು, ಸುಧಾರಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಮಗಳು ಅಪ್ಪನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಗಾಯ ಪಕ್ಕೆಯಿಂದ ಪಕ್ಕೆಗೆ ಇತ್ತು. ಎರಡು ತಿಂಗಳು ಆಕೆ ಮಲಗಿ ನಿದ್ದೆ ಮಾಡಲಿಲ್ಲ, ಮೂರು ದಿಂಬು ಒರಗಿಸಿ ಕೂತೇ ಕಣ್ಣು ಮುಚ್ಚುತ್ತಿದ್ದಳು. ಕೆಮ್ಮು ಬಂದರೆ ಎರಡೂ ಕೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿದುಕೊಳ್ಳಬೇಕು. ಸೀನು ಬಂದರೆ ಕಣ್ಣಲ್ಲಿ ನೀರು. ನಗಿಸಬೇಡ್ರೀ, ಹೊಲಿಗೆ ಎಳೆಯುತ್ತೆ ಎನ್ನುತ್ತಿದ್ದಳು, ಹಾಗಾಗಿ ಮನೆಯಲ್ಲಿ ನಗುವೂ ನಿಂತಿತು. ಗೊಂಬೆಯವರು ಬೆಳಿಗ್ಗೆ ಆಕೆಯ ಬೆನ್ನು ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಕೆಲಸಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಮಗಳು ಬರುತ್ತಿದ್ದಳು. ಗಾಯ ಮಾಗಿ ಆಕೆ ಪ್ರೆಸ್ಸಿಗೆ ಹೋಗುವ ಮಾತಾಡತೊಡಗಿದಾಗ ಇನ್ನೊಂದು ಸ್ಕ್ಯಾನ್ ಆಯಿತು. ರೋಗ ಬೇರೆ ಕಡೆಗೂ ಹಬ್ಬಿತ್ತು. ಆಪರೇಷನ್ ಆಗಿ ಎಂಟು ತಿಂಗಳಿಗೆ ಹೋಗಿಬಿಟ್ಟಳು. ಕೊನೆಯ ವಾರ ಮಾತಿರಲಿಲ್ಲ. ಗಂಡನ ತೋಳಿನ ಮೇಲೆ ಹೊದಿಕೆ ಸರಿಯಿದೆಯೇ ಎಂದು ಮಾತ್ರ ಕೈಯಿಂದ ತಡವಿ ನೋಡುತ್ತಿದ್ದಳು, ಹೊದ್ದು ಮಲಗಿರುವವರು ಗಂಡನೇ ಎಂಬಂತೆ.

ಹದಿನೈದು ದಿನ ಬಿಟ್ಟು ಮಗಳು ಅಮ್ಮನ ಬಟ್ಟೆಗಳನ್ನು ವಿಂಗಡಿಸಲು ಬಂದಳು. ಎಲ್ಲ ಮಡಿಸಿಟ್ಟು, ಹೊರಡುವಾಗ ಬಾಗಿಲಲ್ಲಿ ನಿಂತು, ಅಮ್ಮ ನಿನ್ನ ಮೆಷಿನ್ನನ್ನ ನಂಬಲಿಲ್ಲ ಅಪ್ಪಾ, ನಿನ್ನನ್ನ ನಂಬಿದ್ಲು ಎಂದಳು. ದನಿ ಎತ್ತರಿಸಲೂ ಇಲ್ಲ. ಅಂದಿನಿಂದ ಅವಳು ಬಂದರೆ ಹೋದರೆ ಲೆಕ್ಕಕ್ಕೆ ತಕ್ಕಷ್ಟೇ ಮಾತು.

ಗೊಂಬೆಯವರು ಕೆಲಸಕ್ಕೆ ಮರಳಿದರು. ಮನೆಯಲ್ಲಿ ಕೂತು ಏನು ಮಾಡುವುದು? ಅವರ ಕೋಣೆ ನೆಲಮಹಡಿಯಲ್ಲಿತ್ತು. ಉದ್ದನೆಯ ಕಲ್ಲಿನ ಮೇಜು, ಗೋಡೆಗೆ ಸಾಲಾಗಿ ಅಚ್ಚುಗಳು, ಗಾಳಿಯ ಗುಳ್ಳೆ ಹೀರುವ ಪಂಪು, ಬಣ್ಣದ ಡಬ್ಬಿಗಳು. ಯಾರಾದರೂ ಮಾತಾಡಿಸಿದರೆ ಹೂಂ, ಉಹೂಂ. ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕ್ಯಾಮೆರಾ ಮೇಡಂ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಯಂತ್ರದ ಲೆಕ್ಕ ತಪ್ಪಿದ ಒಂಬತ್ತು ಆಪರೇಷನ್ನುಗಳನ್ನು ಆರಿಸಿದ್ದೇವೆ, ಒಂಬತ್ತರಲ್ಲಿ ಏಳಕ್ಕೆ ಕಾರಣ ಒದ್ದೆ ಹೊಳಪು ಎಂದರು. ನಿಜವಾದ ಹೊಟ್ಟೆಯೊಳಗೆ ಅಳತೆಗೋಲು ಇಡಲಾಗುವುದಿಲ್ಲ, ಹಾಗಾಗಿ ಯಂತ್ರ ಎಷ್ಟು ತಪ್ಪಿತು ಎಂದು ಸರಿಯಾಗಿ ತಿಳಿಯುವುದಿಲ್ಲ. ಅದೇ ಆಕಾರದ ಎರಕವಿದ್ದರೆ, ಒಣಗಿದ್ದಾಗಲೇ ಲೇಸರಿನಿಂದ ಅಳೆದಿಟ್ಟುಕೊಂಡು, ಆಮೇಲೆ ಒದ್ದೆ ಮಾಡಿ ಯಂತ್ರಕ್ಕೆ ತೋರಿಸಬಹುದು. ಸ್ಕ್ಯಾನಿನಿಂದ ಒರಟು ಆಕಾರವನ್ನು ನಾವು ಪ್ರಿಂಟ್ ಮಾಡಿ ಕೊಡುತ್ತೇವೆ, ಮೈಯ ಹೊಳಪು ನಿಜವಾದದ್ದರ ಹಾಗೇ ಬರಬೇಕು, ಅದು ನಿಮ್ಮಿಂದ ಮಾತ್ರ ಆಗುವ ಕೆಲಸ ಎಂದು ಹೇಳಿ, ವಿಡಿಯೋಗಳನ್ನು ಬಿಟ್ಟುಹೋದರು. ಹೆಸರಿಲ್ಲ, ತಾರೀಕಿಲ್ಲ, ಧ್ವನಿಯಿಲ್ಲ. ಬರೀ ನಂಬರು.

ನಾಲ್ಕನೆಯದನ್ನು ನೋಡುವಾಗ ಗೊಂಬೆಯವರು ಪರದೆಗೆ ಹತ್ತಿರ ಬಾಗಿದರು. ಲಿವರಿನ ಬಲಬದಿಯಿಂದ ಕೆಳಕ್ಕೆ ನಾಲಿಗೆಯ ಹಾಗೆ ಒಂದು ಭಾಗ ಇಳಿಬಿದ್ದಿತ್ತು. ಬೇರೆ ಯಾರಿಗೂ ಹಾಗಿರಬಾರದೆಂದಿಲ್ಲ. ಕಣ್ಣು ಅಲುಗಿಸದೆ ನೋಡಿದರು. ಅದರ ಬುಡದಲ್ಲಿ ಗಡ್ಡೆ. ಸರ್ಜನ್ ಹಾಳೆಯ ಮೇಲೆ ಬರೆದಿದ್ದ ಜಾಗವೇ. ಅಂಚಿನ ಮೇಲೆ ದೀಪ ಬಿದ್ದು ಬಿಳಿಯ ಹೊಳಪೊಂದು ಮಿನುಗುತ್ತಿತ್ತು. ಪರದೆಯ ಪಕ್ಕದ ಚೌಕದಲ್ಲಿ ಯಂತ್ರ ಬಿಡಿಸಿದ ಆಳದ ಚಿತ್ರ, ಅದರಲ್ಲಿ ಸರಿಯಾಗಿ ಆ ಹೊಳಪಿರುವಲ್ಲೇ ಒಂದು ನೀಲಿ ಗುಂಡಿ. ಹನ್ನೊಂದು ಮಿಲಿಮೀಟರ್ ಎಂಬ ಅಂಕಿ. ತೋಳಿನ ತುದಿ ಬಂತು, ತಗುಲಿತು, ರಕ್ತ ಹರಡಿತು. ಕ್ಯಾಮೆರಾವನ್ನು ಹೊರಗೆಳೆದಾಗ ಪರದೆ ಕಪ್ಪಾಯಿತು.

ಮೂವತ್ತು ವರ್ಷ ಜೊತೆಗೆ ಬಾಳಿದವಳ ಒಳಗನ್ನು ಹೀಗೆ ನೋಡುತ್ತೇನೆಂದು ಅವರು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ತೊಳೆದರು. ಕೈಯಲ್ಲಿ ಏನೂ ಅಂಟಿರಲಿಲ್ಲ, ಆದರೂ ಸಾಬೂನು ಹಾಕಿ ಇನ್ನೊಮ್ಮೆ ತೊಳೆದರು. ಪುಡಿಯ ಡಬ್ಬಿ ಅಲ್ಲೇ ಕಪಾಟಿನಲ್ಲಿತ್ತು. ಹೊಳಪು ಇರುತ್ತದೆಂದು ತನಗೆ ಗೊತ್ತಿತ್ತು. ಹತ್ತು ಸಲ ಕಣ್ಣಾರೆ ನೋಡಿ ಬಂದಿದ್ದೆ. ಗೊತ್ತಿದ್ದೂ ಪುಡಿ ಹಚ್ಚಿದೆ, ಒಂದು ಸಲ ಕೇಳಿ ಬಾಯಿ ಮುಚ್ಚಿಕೊಂಡೆ, ಕೈ ಕುಲುಕಿದಾಗ ಹಿಗ್ಗಿದೆ. ಯಂತ್ರ ಒಣ ಲಿವರಿನಲ್ಲಿ ಪಾಸಾಗಿ ಇವಳ ಒದ್ದೆ ಲಿವರಿನಲ್ಲಿ ಫೇಲಾಯಿತು. ಕೈಯಲ್ಲಿ ಪಳಗಿದ್ದು ಎಂದಿದ್ದೆನಲ್ಲ, ನಿಜವೇ ಆಯಿತು. ಹೀಗೆ ಅವರ ಮನಸ್ಸು ತಿರುಗಿ ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಯಾರಿಗೂ ಹೇಳಲಿಲ್ಲ. ಒಂಬತ್ತರಲ್ಲಿ ಮೊದಲು ನಾಲ್ಕನೆಯದನ್ನೇ ಕೈಗೆತ್ತಿಕೊಂಡರು. ಪ್ರಿಂಟಾಗಿ ಬಂದ ಒರಟು ಆಕಾರದ ಮೇಲೆ ಮೇಣ ಸವರಿ, ವಿಡಿಯೋ ನೋಡಿಕೊಂಡು ಅಂಚನ್ನು ತಿದ್ದಿದರು. ಮುಖ ಮಾಡುತ್ತಿದ್ದ ಕಾಲದಲ್ಲೂ ಅಷ್ಟು ನಿಧಾನಕ್ಕೆ ಕೆಲಸ ಮಾಡಿದವರಲ್ಲ. ಬಣ್ಣ ಮೇಲಿಂದ ಹಚ್ಚಿದರೆ ಸತ್ತಂತೆ ಕಾಣುತ್ತದೆ, ಬೆಳಕು ಸ್ವಲ್ಪ ಒಳಗಿಳಿದು ತಿರುಗಿ ಬರಬೇಕು. ಅದಕ್ಕೆ ತಿಳಿ ಸಿಲಿಕೋನಿಗೆ ಚಿಟಿಕೆ ಚಿಟಿಕೆ ಬಣ್ಣ ಬೆರೆಸಿ, ಈರುಳ್ಳಿ ಸಿಪ್ಪೆಯಂಥ ಪದರಗಳನ್ನು ಒಂದರ ಮೇಲೊಂದು ಕೂರಿಸಿದರು. ಒದ್ದೆತನಕ್ಕೆ ನೀರು ಆಗಲಿಲ್ಲ, ಹನಿಹನಿಯಾಗಿ ನಿಂತಿತು. ಎಣ್ಣೆ ಅತಿಯಾಗಿ ಮಿರುಗಿತು. ಕನ್ನಡಿಯ ಮುಂದೆ ನಿಂತು ತಮ್ಮ ಕೆಳತುಟಿಯನ್ನು ಮಡಚಿ ಒಳಭಾಗ ಹೇಗೆ ಹೊಳೆಯುತ್ತದೆಂದು ನೋಡಿಕೊಂಡರು. ನೀರು, ಗ್ಲಿಸರಿನ್, ಅಂಟು, ಇವುಗಳ ಅಳತೆ ಬದಲಿಸುತ್ತ ಬದಲಿಸುತ್ತ ಏಳನೆಯ ಸಲಕ್ಕೆ ಅದು ಬಂತು.

ಐದು ವಾರದ ನಂತರ ಎರಕವನ್ನು ಯಂತ್ರದ ಕೆಳಗಿಟ್ಟು ದೀಪ ಹಾಕಿದಾಗ, ವಿಡಿಯೋದಲ್ಲಿದ್ದ ಜಾಗದಲ್ಲೇ ನೀಲಿ ಗುಂಡಿ ಮೂಡಿತು. ಕ್ಯಾಮೆರಾ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಇಷ್ಟು ದಿನ ಆಪರೇಷನ್ನಿನಲ್ಲಿ ಮಾತ್ರ ಕಾಣುತ್ತಿದ್ದ ತಪ್ಪು ಮೇಜಿನ ಮೇಲೆ ಬಂದು ಕೂತಿದೆ, ಇನ್ನು ಇದನ್ನು ಹಿಡಿಯಬಹುದು ಎಂದು ಸಂಭ್ರಮದಿಂದ ಹೇಳುತ್ತ ತಿರುಗಿ ನೋಡಿದರೆ ಗೊಂಬೆಯವರು ಗೋಡೆಗೆ ಒರಗಿ ನಿಂತಿದ್ದರು.

"ಮೇಡಂ, ಇದು ನಮ್ಮ ಮನೆಯವಳದು."

ಮೇಡಂಗೆ ಅರ್ಥವಾಗಲಿಲ್ಲ. ಗೊಂಬೆಯವರು ನಾಲ್ಕನೆಯ ರೆಕಾರ್ಡಿಂಗು ಯಾರದು, ಗುರುತು ಹೇಗೆ ಸಿಕ್ಕಿತು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಮೇಡಂ ದೀಪ ಆರಿಸಿದರು.

"ಪೌಡರ್ ಹಚ್ಚಿ ಅಂದವಳು ನಾನು," ಎಂದರು ಮೇಡಂ.

"ಹಚ್ಚಿದವನು ನಾನು."

"ಈ ರೆಕಾರ್ಡಿಂಗನ್ನ ತೆಗೆದುಬಿಡ್ತೀನಿ ಗೊಂಬೆಯವರೇ. ಬೇರೆ ಎಂಟಿವೆ."

"ಬೇಡ ಮೇಡಂ. ಅವಳೇ ಓದಿ ಸಹಿ ಹಾಕಿದ್ದು. ತೆಗೆಯೋಕೆ ನಾನ್ಯಾರು?"

ಆಮೇಲಿನ ಕೆಲಸ ಹದಿನಾಲ್ಕು ತಿಂಗಳು ಹಿಡಿಯಿತು. ಹೊಳಪನ್ನು ಗುರುತಿಸಿ ಅದನ್ನು ಲೆಕ್ಕದಿಂದ ಬಿಡಲು ಯಂತ್ರಕ್ಕೆ ಕಲಿಸಿದರು. ಕ್ಯಾಮೆರಾವನ್ನು ಕೂದಲೆಳೆಯಷ್ಟು ಅಲುಗಿಸಿದರೆ ಮಾಂಸದ ಮೇಲಿನ ಗುರುತು ಒಂದು ರೀತಿ ಸರಿಯುತ್ತದೆ, ಹೊಳಪು ಇನ್ನೊಂದು ರೀತಿ ಸರಿಯುತ್ತದೆ. ಆ ವ್ಯತ್ಯಾಸದಿಂದ ಯಂತ್ರ ಸುಳ್ಳನ್ನು ಹಿಡಿಯಬೇಕು. ಎಲ್ಲಿ ತನಗೆ ಖಾತ್ರಿಯಿಲ್ಲವೋ ಅಲ್ಲಿ ಅಂಕಿ ತೋರಿಸದೆ, ಗೊತ್ತಿಲ್ಲ ಎಂದು ಬೂದು ಬಣ್ಣ ತೋರಿಸಬೇಕು. ಈ ಕೊನೆಯ ಮಾತನ್ನು ಮೇಡಂ ಹಟ ಹಿಡಿದು ಸೇರಿಸಿದರು. ಪ್ರತಿ ಪರೀಕ್ಷೆಗೂ ತೋಳುಗಳು ಎರಕವನ್ನು ಕೊಯ್ಯುತ್ತಿದ್ದವು, ಹೊಲಿಯುತ್ತಿದ್ದವು, ಮತ್ತೆ ಕೊಯ್ಯುತ್ತಿದ್ದವು. ಚಿಂದಿಯಾದದ್ದು ಸಂಜೆ ಗೊಂಬೆಯವರ ಕೋಣೆಗೆ ವಾಪಸು ಬರುತ್ತಿತ್ತು. ಅವರು ಅದನ್ನು ತೊಟ್ಟಿಗೆ ಹಾಕಿ, ಅದೇ ಅಚ್ಚಿನಲ್ಲಿ ಇನ್ನೊಂದನ್ನು ಹೊಯ್ಯುತ್ತಿದ್ದರು. ಮೊದಲನೆಯದನ್ನು ತೊಟ್ಟಿಗೆ ಹಾಕಲು ಮಾತ್ರ ಅವರಿಂದ ಆಗಿರಲಿಲ್ಲ. ಮೇಡಂ ಬಂದು ಕೇಳದೆಯೇ ಕೈಯಿಂದ ತೆಗೆದುಕೊಂಡು ಹೋಗಿದ್ದರು.

ಈ ನಡುವೆ ಒಂದು ದಿನ ಗೊಂಬೆಯವರು ಸರ್ಜನ್ನರ ಕೋಣೆಗೆ ಹೋದರು. ಆವತ್ತು ಯಂತ್ರದ ಲೆಕ್ಕ ತಪ್ಪದೇ ಇದ್ದಿದ್ದರೆ ಅವಳು ಉಳಿಯುತ್ತಿದ್ದಳೇ ಎಂದು ಕೇಳಿದರು. ಸರ್ಜನ್ ಹಳೆಯ ಫೈಲು ತರಿಸಿ, ಅವರ ಮುಂದೆಯೇ ಮತ್ತೊಮ್ಮೆ ಓದಿ ಉತ್ತರ ಹೇಳಿದರು.

"ಇಲ್ಲ. ರೋಗ ಆಗಲೇ ರಕ್ತದಲ್ಲಿ ಸೇರಿತ್ತು. ನಾವು ಏನೇ ಮಾಡಿದ್ರೂ ತಿರುಗಿ ಬರ್ತಿತ್ತು."

"ಆ ಎರಡು ತಿಂಗಳ ನೋವು?"

ಸರ್ಜನ್ ಫೈಲು ಮುಚ್ಚಿದರು. "ಅದು ಇರ್ತಿರಲಿಲ್ಲ. ಇಲ್ಲ ಅಂತ ಸುಳ್ಳು ಹೇಳಲಾರೆ."

ಎಂಟು ತಿಂಗಳಲ್ಲಿ ಎರಡು ತಿಂಗಳು. ಗೊಂಬೆಯವರು ಅಲ್ಲಿಂದ ನೇರವಾಗಿ ಬಸ್ ಹಿಡಿದು ಮಗಳ ಮನೆಗೆ ಹೋದರು. ಶನಿವಾರ ಮಧ್ಯಾಹ್ನ, ಅಳಿಯ ಮನೆಯಲ್ಲಿರಲಿಲ್ಲ. ಮಗಳು ತಟ್ಟೆ ಹಾಕುತ್ತೇನೆಂದರೂ ಬೇಡವೆಂದು, ಅಡುಗೆಮನೆಯ ಬಾಗಿಲಲ್ಲಿ ನಿಂತೇ ಪುಡಿಯ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ತಾನು ಕೇಳಿದ್ದು, ಸುಮ್ಮನಾದದ್ದು, ಸರ್ಜನ್ ಇಂದು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಅವಳು ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಇದನ್ನ ನೀನು ಹೇಳದೇ ಇದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ," ಎಂದಳು.

"ಹೌದು. ಅದಕ್ಕೇ ಹೇಳ್ದೆ."

"ಈಗ ನಾನೇನು ಮಾಡಲಿ ಅಪ್ಪಾ? ಪರವಾಗಿಲ್ಲ ಅನ್ನಲಾ?"

"ಅನ್ನಬೇಡ."

ಅವಳು ಅನ್ನಲಿಲ್ಲ. ಬಸ್ ಸ್ಟಾಪಿನವರೆಗೂ ಬಂದು ಬಿಟ್ಟುಹೋದಳು, ಅಷ್ಟೆ. ನಾಲ್ಕು ತಿಂಗಳು ಫೋನೂ ಇಲ್ಲ. ಗೊಂಬೆಯವರು ತಾವಾಗಿ ಮಾಡಲಿಲ್ಲ. ಒಬ್ಬರಿಗೆ ಅಡುಗೆ ಮಾಡಿಕೊಳ್ಳುವುದನ್ನು ಆ ತಿಂಗಳುಗಳಲ್ಲಿ ಸರಿಯಾಗಿ ಕಲಿತರು. ಅಳತೆ ತಪ್ಪಿ ಅನ್ನ ಉಳಿಯುವುದು ನಿಂತಿತು.

ಶಾಲೆಗೆ ರಜೆ ಇದ್ದ ಒಂದು ದಿನ ಮಗಳು ಅವರ ಕೆಲಸದ ಕೋಣೆಗೇ ಬಂದಳು. ಅಲ್ಲಿಯವರೆಗೆ ಅವಳು ಆ ಕಟ್ಟಡದ ಮೆಟ್ಟಿಲು ಹತ್ತಿದವಳಲ್ಲ. ಮೇಜಿನ ಮೇಲೆ ಅಂದು ಬೆಳಿಗ್ಗೆ ಅಚ್ಚಿನಿಂದ ಬಿಡಿಸಿದ ಎರಕವಿತ್ತು. ಇದೇನಾ ಎಂದು ಕೇಳಿದಳು. ಹೂಂ ಎಂದರು. ಎತ್ತಿಕೊಳ್ಳಬಹುದಾ ಎಂದಳು. ಗೊಂಬೆಯವರು ಒಂದು ಬಿಳಿ ಬಟ್ಟೆ ಹಾಸಿ ಅವಳ ಎರಡೂ ಅಂಗೈಗಳ ಮೇಲೆ ಅದನ್ನಿಟ್ಟರು. ಇಷ್ಟು ಭಾರವಾ ಎಂದಳು. ಸರಿಯಾಗಿ ಒಂದು ಕಿಲೋ ನಾನೂರು ಗ್ರಾಂ, ತೂಕವೂ ಹೊಂದಬೇಕು ಎಂದು ಅವರು ಕೆಲಸದ ಮಾತು ಆಡಿದರು. ಮಗಳು ಅದನ್ನು ಹಿಡಿದುಕೊಂಡು ಸುಮಾರು ಹೊತ್ತು ಕೂತಳು. ಗೊಂಬೆಯವರು ಮೆಲ್ಲಗೆ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಆಗ ಅವಳು ಅಪ್ಪನ ಭುಜಕ್ಕೆ ತಲೆಯಿಟ್ಟು ಅತ್ತಳು. ಅಮ್ಮ ಸತ್ತಾಗ ಅಪ್ಪನ ಮುಂದೆ ಅಳದೆ ಉಳಿಸಿಕೊಂಡಿದ್ದು ಅದು. ಕ್ಷಮಿಸಿದ್ದೇನೆ ಎಂದೇನೂ ಅವಳು ಹೇಳಲಿಲ್ಲ. ಹೋಗುವಾಗ, ಬುಧವಾರ ಬರ್ತೀನಿ, ಊಟಕ್ಕೆ ಏನೂ ಮಾಡಬೇಡ ಎಂದಳು. ಅಂದಿನಿಂದ ಬುಧವಾರ ಬರುತ್ತಾಳೆ. ಅಮ್ಮನ ಮಾತು ಇಬ್ಬರೂ ಎತ್ತುವುದಿಲ್ಲ, ಹಾಗೆಂದು ತಪ್ಪಿಸುವುದೂ ಇಲ್ಲ.

ತಿದ್ದಿದ ಕಣ್ಣನ್ನು ಮೊದಲ ಸಲ ರೋಗಿಯ ಆಪರೇಷನ್ನಿನಲ್ಲಿ ಬಳಸುವ ದಿನ ಸರ್ಜನ್ ಗೊಂಬೆಯವರಿಗೂ ಹೇಳಿ ಕಳಿಸಿದ್ದರು. ಗಾಜಿನ ಹೊರಗೆ ಕ್ಯಾಮೆರಾ ಮೇಡಂ ಪಕ್ಕ ನಿಂತು ಅವರು ಪರದೆ ನೋಡಿದರು. ಯಾರದೋ ಲಿವರು. ಅಂಚಿನ ಮೇಲೆ ಬಿಳಿಯ ಹೊಳಪು ಬಿತ್ತು. ಆಳದ ಚಿತ್ರದಲ್ಲಿ ಗುಂಡಿ ಮೂಡಲಿಲ್ಲ. ಒಂದೆಡೆ ರಕ್ತನಾಳವನ್ನು ಸುಟ್ಟು ಮುಚ್ಚುವಾಗ ಹೊಗೆ ತುಂಬಿ ಬೂದು ಬಣ್ಣ ಹರಡಿತು, ಸರ್ಜನ್ ತೋಳನ್ನು ನಿಲ್ಲಿಸಿದರು, ಹೊಗೆ ಹೋದ ಮೇಲೆ ಅಂಕಿಗಳು ಮರಳಿದವು. ಮೇಡಂ ತಮಗರಿವಿಲ್ಲದೆ ಗೊಂಬೆಯವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅವರು ಮೆಲ್ಲಗೆ ಬಿಡಿಸಿಕೊಂಡು ಹೊರಗೆ ಬಂದರು. ಸಂತೋಷವಾಗಬೇಕಿತ್ತು. ಆದರೆ ಎದೆಯೊಳಗೆ, ಇದು ಎರಡು ವರ್ಷದ ಹಿಂದೆ ಆಗಬಹುದಿತ್ತು ಎಂಬ ಒಂದೇ ಮಾತು ಕೊರೆಯುತ್ತಿತ್ತು.

ಹೊರಗಿನ ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಒಬ್ಬ ಗಂಡಸು ಕೂತಿದ್ದ. ಹೆಂಗಸರ ಚಪ್ಪಲಿ ಒಂದು ಜೊತೆ ಕೈಚೀಲದಲ್ಲಿಟ್ಟು ತೊಡೆಯ ಮೇಲಿಟ್ಟುಕೊಂಡಿದ್ದ. ಗೊಂಬೆಯವರು ಹೋಗಿ ಪಕ್ಕದಲ್ಲಿ ಕೂತರು. ಬಹಳ ಹೊತ್ತಾಯ್ತಲ್ಲ ಸಾರ್, ಒಳಗೆ ಏನಾಗ್ತಿದೆಯೋ ಎಂದು ಆತ ತನ್ನಷ್ಟಕ್ಕೆ ಎಂಬಂತೆ ಅಂದ. ಚೆನ್ನಾಗಿ ನಡೀತಿದೆ, ಈಗ ನೋಡ್ಕೊಂಡೇ ಬಂದೆ ಎಂದು ಗೊಂಬೆಯವರು ಹೇಳಿದರು. ಆತ ಇವರನ್ನು ಡಾಕ್ಟರೆಂದುಕೊಂಡು ಎದ್ದು ನಿಲ್ಲಹೋದ. ಅಲ್ಲ ಎಂದು ಕೈಹಿಡಿದು ಕೂರಿಸಿದರು.

"ಮತ್ತೆ ನಿಮ್ಮವರು ಯಾರು ಇರೋದು ಒಳಗೆ?" ಎಂದು ಆತ ಕೇಳಿದ.

ಗೊಂಬೆಯವರು ಯಾರೂ ಇಲ್ಲ ಎಂದು ತಲೆಯಾಡಿಸಿ, ನಿಮ್ಮ ಮನೆಯವರಿಗೆ ಏನು ಕೆಲಸ ಎಂದು ಕೇಳಿದರು. ಆತ ಹೇಳತೊಡಗಿದ. ಹೆಂಡತಿ ಎರಡು ಮನೆಯ ಮಕ್ಕಳಿಗೆ ಪಾಠ ಹೇಳುವುದು, ಗಣಿತದಲ್ಲಿ ಬಹಳ ಜೋರು, ಬಾಯಿಯೂ ಸ್ವಲ್ಪ ಜೋರು, ಆಸ್ಪತ್ರೆಗೆ ಬರುವ ದಾರಿಯಲ್ಲೂ ಜಗಳವಾಡಿದ್ದು. ಗೊಂಬೆಯವರು ಹೂಂಗುಟ್ಟುತ್ತ ಕೇಳಿದರು. ಒಂದು ಗಂಟೆಯ ಮೇಲೆ ಬಾಗಿಲು ತೆರೆದು ಸರ್ಜನ್ ಹೊರಗೆ ಬಂದು, ಎಲ್ಲ ಸರಿಯಾಗಿದೆ, ನಾಲ್ಕು ಸಣ್ಣ ಹೊಲಿಗೆ, ಮೂರು ದಿನಕ್ಕೆ ಮನೆಗೆ ಹೋಗಬಹುದು ಎಂದು ಹೇಳುವವರೆಗೂ ಅವರು ಅಲ್ಲಿಂದ ಏಳಲಿಲ್ಲ. ಆತ ಚಪ್ಪಲಿಯ ಚೀಲವನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಗೊಂಬೆಯವರು ಆತನ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು, ಆಮೇಲೆ ಅಂಗಳ ದಾಟಿ ತಮ್ಮ ಕೋಣೆಗೆ ಹೋದರು.